ಟ್ಯಾಂಕರ್ ನೀರಿನ ಆಕಾಶ

ಮಂಗಳವಾರ, ಶುಕ್ರವಾರ ಕಾವೇರಿ;
ಉಳಿದ ದಿನ ಟ್ಯಾಂಕರು.
ಅಡಿಗೆಮನೆಗಷ್ಟೇ ಅಲ್ಲ,
ನನ್ನ ಆಕಾಶಕ್ಕೂ ಇದು ಗೊತ್ತು.
ಗಡಸು ನೀರಿನಲ್ಲಿ ಕದಡಿದ ನೀಲಿ
ಒಣಗುತ್ತಾ ಒಣಗುತ್ತಾ ಹರಳುಗಟ್ಟುತ್ತದೆ
ಸ್ಟೀಲ್ ಕೊಡದ ತಳದ ಹಾಗೆ.

ಊಟದ ಬಿಡುವು ಮೂವತ್ತೈದು ನಿಮಿಷ.
ಟಿಫಿನ್ ಡಬ್ಬಿಯ ಮುಚ್ಚಳವೇ ಬಣ್ಣದ ತಟ್ಟೆ;
ಉಪ್ಪಿನಕಾಯಿ ಎಣ್ಣೆ ಒಂಚೂರು ಉಳಿದಿದ್ದರೂ
ಹಸಿರು ಒಲ್ಲೆನೆಂದು ಗುಂಡಗೆ ಉರುಳುತ್ತದೆ.
ಬಿಲ್ ಕೌಂಟರಿನ ಕಿಟಕಿಯಾಚೆ
ಯಶವಂತಪುರದ ಫ್ಲೈಓವರು, ಅದರ ಬಗಲಿಗೆ ಒಂದು ಹೊಂಗೆ.
ಮೂರು ವರ್ಷದಿಂದ ಬಿಡಿಸುತ್ತಿದ್ದೇನೆ,
ಕಾಗದದ ಮೇಲೆ ಬಂದು ಕೂರಲೊಲ್ಲದು.

“ಮಾರ್ತೀರಾ ಮೇಡಂ?” ಪಕ್ಕದ ಸಿದ್ದಗಂಗಯ್ಯ.
“ಇಲ್ಲ.”
“ಮತ್ಯಾಕೆ ಈ ಪಾಡು?”
ಉತ್ತರ ಹೊಳೆಯುವಷ್ಟರಲ್ಲಿ
ಟೋಕನ್ ನೂರಾ ಹನ್ನೆರಡು,
ಮೀಟರೇ ಓಡದೆ ಬಿಲ್ಲು ಬಂದ ಒಬ್ಬ ಮುದುಕ.

ನಿನ್ನೆ ಅವಸರದಲ್ಲಿ ಕುಂಚ ಎತ್ತುವಾಗ
ಒಂದು ಹನಿ ಬಿತ್ತು, ಇನ್ನೂ ಹಸಿಯಿದ್ದ ರಸ್ತೆಯ ಮೇಲೆ.
ಒರೆಸಲು ಕೈಯೆತ್ತಿದೆ; ಒಳಗಿಂದ ಕರೆದರು.
ಐದೂವರೆಗೆ ಬಂದು ನೋಡಿದರೆ
ಹನಿ ತನ್ನಷ್ಟಕ್ಕೆ ಹರಡಿ, ಅಂಚು ಹರಿದು ಹರಿದು,
ಹೊಂಗೆಯ ನೆರಳು. ಅದೇ.
ಮರ ಇನ್ನೂ ಬಂದಿಲ್ಲ, ನೆರಳು ಮೊದಲು ಬಂದಿದೆ.

ಹೆಸರು ಹಾಕಲು ಮನಸ್ಸಾಗಲಿಲ್ಲ.
ಹಿಂದುಗಡೆ ಪೆನ್ಸಿಲಿನಲ್ಲಿ ಬರೆದೆ:
ಗುರುವಾರ. ಟ್ಯಾಂಕರ್ ನೀರು.