ಹೊಟ್ಟಿನ ಬೂದಿ

ಕಾರಟಗಿಯ ಅಕ್ಕಿ ಗಿರಣಿಯ ಹಿಂದೆ
ಬೂದಿಯದೊಂದು ಗುಡ್ಡ.
ಗಾಳಿ ಎದ್ದರೆ ಓಣಿಯ ಅರಿವೆಗಳೆಲ್ಲ ಕರ್ರಗೆ,
ಬೈಯುತ್ತಾ ಮತ್ತೆ ಒಗೆಯುತ್ತಾರೆ.
ನಾವು ಮಾತ್ರ ಪುಟ್ಟಿ ಹಿಡಿದು ಹೋಗುತ್ತೇವೆ,
ನಾನು, ಅತ್ತೆ ಗಾಳೆಮ್ಮ, ಮೈದುನ ಯಂಕೋಬ.
ಬಿಸಿ ಆರಿದ ಕಡೆಯಿಂದ ತುಂಬಿ ತಂದು
ಹಳೆ ಸೀರೆಯ ತುಂಡಿನಲ್ಲಿ ಸೋಸುತ್ತೇವೆ,
ನೀರು ಹಾಕಿ, ಬಸಿದು, ಮತ್ತೆ ನೀರು ಹಾಕಿ,
ಅದರ ಉರಿ ಇಳಿಯುವ ತನಕ.

ಕಪ್ಪು ಬೂದಿ ಬಟ್ಟಲ ಮೇಲೆ ಬೆಳ್ಳಗಾಗುತ್ತದೆ.
ಹೇಗೆ ಎಂದು ನನ್ನನ್ನು ಕೇಳಬೇಡಿ.
ಗಂಜಿ ಆರಿದಾಗ ಮೇಲೆ ಕಟ್ಟುವ ಕೆನೆಯ ಬಿಳುಪು;
ಅಂಚಿನಲ್ಲಿ ತೆಳುವಾಗಿ, ಒಳಗಿನ ಕಂದು ಇಣುಕಿ.

ದಾರಿ ತೋರಿಸಿದವಳು ಆನೆಗೊಂದಿಗೆ ಬಂದಿದ್ದವಳು.
ಬಂಡೆ ನೋಡಲು ಬಂದು, ಬಂಡೆ ಬಿಟ್ಟು,
ಕುಂಬಾರರ ಮನೆ ಎಲ್ಲಿ ಎಂದು ಕೈಸನ್ನೆಯಲ್ಲಿ ಕೇಳುತ್ತ
ಬಸ್ಸು ಹತ್ತಿ ಬಂದಳು. ಹೆಸರು ಸಾಚಿಯೊ;
ಅತ್ತೆಯ ಬಾಯಲ್ಲಿ ಚಾ ಕುದಿಯುವಷ್ಟರಲ್ಲಿ ಸಾಚವ್ವ.
ಅವರದೂ ಮನೆತನದ ಆವಿಗೆಯಂತೆ, ಜಪಾನಿನ ಯಾವುದೋ ಹಳ್ಳಿ.
ಬೆರಳು ಮಡಚಿ ತೋರಿಸಿದಳು: ಮುತ್ತಜ್ಜ, ಅಜ್ಜ, ಅಪ್ಪ, ತಾನು.
ಮಾವ ಪಕೀರಪ್ಪ ತಮ್ಮ ಬೆರಳು ಮಡಚಿದರು.
ಕೈ ಸಾಲಲಿಲ್ಲ.

ಆಕೆ ಬಿಟ್ಟುಹೋದ ಬಟ್ಟಲಿನ ತಳದಲ್ಲಿ
ಒಂದು ಉಂಗುರ, ಹೊಳಪಿಲ್ಲದ್ದು, ಒರಟು.
ಕೆಟ್ಟ ಮಾಲು ಕೊಟ್ಟು ಹೋದಳು ಎಂದ ಯಂಕೋಬ.
ಮಾವ ಹೆಬ್ಬೆರಳನ್ನು ಅದರ ಸುತ್ತ ತಿರುಗಿಸಿ ನಕ್ಕರು:
"ಬೆಂಕ್ಯಾಗ ಒಂದರಾಗ ಒಂದು ಕುಂದ್ರಸ್ತಾರಲೇ.
ಮ್ಯಾಲಿನದರ ಕಾಲು ಅಂಟಬಾರದಂತ ಅಷ್ಟು ಕೆರದಾರ.
ಜಾಗ ಕಡಿಮಿ, ಮಂದಿ ಭಾಳ. ನಮ್ಮಂಗನ."

ಆಮೇಲೆ ಎರಡು ವರ್ಷ ಬರೀ ಹೋಳು.
ಕೆರೆಯ ಮಣ್ಣು ಆ ಉರಿ ತಾಳದೆ
ಬಿಸಿಲಿಗಿಟ್ಟ ಬೆಲ್ಲದಂತೆ ಕುಸಿಯಿತು.
ಗುಡ್ಡದ ಬಿಳಿಮಣ್ಣು ಬೆರೆಸಿದೆವು, ಬೆಣಚುಕಲ್ಲು ಕುಟ್ಟಿದೆವು,
ಆವಿಗೆಯನ್ನೇ ಎರಡು ಸಲ ಕೆಡವಿ ಕಟ್ಟಿದೆವು.
ಬಳ್ಳಾರಿ ಜಾಲಿ ಎಷ್ಟು ಉರಿಸಿದೆವೋ,
ನನ್ನ ಅಂಗೈಯ ಮುಳ್ಳುಗಳೇ ಲೆಕ್ಕ.
ರಾತ್ರಿಯೆಲ್ಲ ಬೆಂಕಿ ಕಾಯುವ ನಮ್ಮನೆಯವರ ಹುಬ್ಬು
ಮೂರು ಸಲ ಸುಟ್ಟು ಮೂರು ಸಲ ಬೆಳೆಯಿತು.

ಮಾವನ ಸಿಟ್ಟು ಹೋಳಿನ ಮೇಲಲ್ಲ:
"ಗಡಿಗಿ ಬೆವರಬೇಕು. ಬೆವರಿದ್ರ ನೀರು ತಣ್ಣಗ.
ಇದು ಬೆವರಂಗಿಲ್ಲ, ಕುಡಿಯಂಗಿಲ್ಲ,
ಮುಖ ತೊಳಕೊಂಡು ಬೀಗರಂಗ ಕುಂತೈತಿ."
ಅವರ ತಿಗರಿ ಬೇರೆ, ಅವರ ಗಡಿಗೆಗಳ ಸಾಲು ಬೇರೆ,
ಇವತ್ತಿಗೂ ಬೆವರುತ್ತವೆ.

ಮೊದಲ ಅರವತ್ತು ಬಟ್ಟಲು ಹೋದದ್ದು
ಬಸ್‌ಸ್ಟ್ಯಾಂಡಿನ ಪಕ್ಕ ಶಾಂತವೀರಯ್ಯನ ಖಾನಾವಳಿಗೆ.
ಹದಿನೈದು ದಿನ ನಾನು ಆ ಕಡೆ ಹಾಯಲಿಲ್ಲ.
ಪುಂಡಿಪಲ್ಯದ ಹುಳಿಗೆ ಬಣ್ಣ ಕೆಟ್ಟಿತೋ,
ಲಾರಿಯವರು ಉಳ್ಳಾಗಡ್ಡಿಯನ್ನು ಅದರಲ್ಲೇ ಇಟ್ಟು ಗುದ್ದಿದರೋ.
ಹೋದಾಗ ಐವತ್ತೊಂದು ಉಳಿದಿದ್ದವು.
"ಸಾರು ಹೆಚ್ಚು ಹಿಡಿತೈತಿ, ನನಗ ಲುಕ್ಸಾನು"
ಎಂದ ಶಾಂತವೀರಯ್ಯ, ಗಲ್ಲಾದಿಂದ ಕಣ್ಣೆತ್ತದೆ.

ಹಿತ್ತಲಲ್ಲಿ ಮುಸುರೆ ತೊಳೆಯುವ ಹನುಮವ್ವ ಕೇಳಿದಳು:
"ಬೂದಿಲೇ ತಿಕ್ಕತೀನಿ ಯವ್ವಾ, ಹೊಳಪು ಹೋಗವಲ್ದು.
ಏನು ಹಚ್ಚೀರಿ ಇದಕ?"
"ಬೂದಿ" ಅಂದೆ.
ಕೈ ನಿಂತಿತು.
ತನ್ನ ಕಪ್ಪು ಮುಷ್ಟಿಯನ್ನೂ ಬಿಳಿ ಬಟ್ಟಲನ್ನೂ ನೋಡಿದಳು,
ಹಾಸ್ಯವೋ ಎಂದು ನನ್ನ ಮುಖ ನೋಡಿದಳು.
ತಳದ ಉಂಗುರಕ್ಕೆ ಎಣ್ಣೆ ಹಿಡಿದು ಕಂದಾಗಿತ್ತು.
"ಇಷ್ಟು ಮಾತ್ರ ಬಿಡವಲ್ದು."
"ಬಿಡೂದಿಲ್ಲ. ಅಲ್ಲಿ ಇನ್ನೊಂದು ಕುಂತಿತ್ತು."

ಈ ಸಲ ಗಿರಣಿಯವರು ಶೇಂಗಾ ಸಿಪ್ಪೆ ಬೆರೆಸಿ ಉರಿಸಿದ್ದಾರೆ.
ಆವಿಗೆ ಬಿಚ್ಚಿದರೆ ಎಲ್ಲವೂ ತಿಳಿಹಸಿರು.
ಮಾರುವುದೋ ಬಿಡುವುದೋ ತಿಳಿಯದೆ
ಪಡಸಾಲೆಯಲ್ಲಿ ಬೋರಲು ಹಾಕಿದ್ದೇವೆ.
ಎಣಿಸಿದರೆ ಒಂದು ಕಡಿಮೆ.
ಅಂಗಳದಲ್ಲಿ ಮಾವ ನನ್ನತ್ತ ಬೆನ್ನು ಮಾಡಿ ಕೂತಿದ್ದಾರೆ.
ಚಾ ಸೊರ್ರೆನ್ನುವ ಸದ್ದು.