ಎರಡು ಬೀಡಿ ಎಲೆಯಷ್ಟು

ಬೋವಿಕ್ಕಾನದ ಕುಂಞಂಬು ಮಣಿಯಾಣಿ
ಗೋಣಿ ಸುತ್ತಿದ ಬೆಡಿಯನ್ನು ಮೇಜಿನ ಮೇಲಿಟ್ಟು
ಮಲಯಾಳದಲ್ಲಿ ಹೇಳಿದರು:
ಇವತ್ತು ರಾತ್ರಿಗೆ ಬೇಕು, ಪಂಚಾಯತಿನಿಂದ ಫೋನು ಬಂದಿದೆ,
ಮರಗೆಣಸಿಗೆ ಹಂದಿ ಇಳಿದಿವೆಯಂತೆ, ಹನ್ನೊಂದು.
ಎಣ್ಣೆ ಹಾಕಿ ಕೊಟ್ಟರೆ ಸಾಕು.

ನಾನು ಮೊದಲು ಕೇಳುವುದು ಹೊಡೆದ ತೋಟೆ.
ಅಂಗಿಯ ಕಿಸೆಯಲ್ಲಿ ಮೂರಿದ್ದವು, ಬೀಡಿ ಕಟ್ಟಿನ ಜೊತೆ.
ಬಾಗಿಲ ಬೆಳಕಿಗೆ ತಿರುಗಿಸಿದೆ.
ಬುಡದಿಂದ ಅರ್ಧ ಬೆರಳು ಮೇಲೆ
ಹಿತ್ತಾಳೆಯ ಸುತ್ತ ಒಂದು ಮಿಂಚುಗೆರೆ,
ಬಿಗಿ ಬಳೆ ತೆಗೆದ ಕೈಯಲ್ಲಿ ಉಳಿಯುವಂಥದ್ದು.
ತಲೆಯ ಪಿನ್ನು ತೆಗೆದು, ನೆಟ್ಟಗೆ ಮಾಡಿ, ತುದಿ ಬಾಗಿಸಿ
ಒಳಗೋಡೆ ಸವರುತ್ತ ಎಳೆದೆ.
ಗೆರೆ ಇದ್ದಲ್ಲೇ ಎಡವಿತು ಪಿನ್ನು.
ಒಳಗೊಂದು ಕಣಿ.
ಹರಿಯುವ ಜಾಗವನ್ನು ಹಿತ್ತಾಳೆ ಆಗಲೇ ಗುರುತು ಹಾಕಿಕೊಂಡಿದೆ.

ಇನ್ನು ಅಪ್ಪನ ಪೆಟ್ಟಿಗೆ.
ಚಂದ್ರಗಿರಿಯ ಆಚೆಗೂ ಈಚೆಗೂ ಇಂಥದ್ದು ಇನ್ನೊಂದಿಲ್ಲ ಎನ್ನುತ್ತಿದ್ದ.
ಇರಬಹುದು. ನಾನು ಹುಡುಕಲು ಹೋಗಿಲ್ಲ.
ವೆಲ್ವೆಟ್ಟಿನ ಕುಳಿಗಳಲ್ಲಿ ಎರಡು ಉಕ್ಕಿನ ಬಿಲ್ಲೆ,
ಒಂದರ ಹೆಸರು ಹೋಗಲಿ,
ಇನ್ನೊಂದರದ್ದು ಹೋಗಬಾರದು.
ಹೆಸರು ಅಪ್ಪನೇ ಇಟ್ಟದ್ದು; ಅವನಿಗೆ ಬರುತ್ತಿದ್ದ ಇಂಗ್ಲಿಷು ಅಷ್ಟೇ.
ತೆಳುವಿನ ಮೇಲೆ ಬೋಲ್ಟು ಮುಚ್ಚಬೇಕು,
ದಪ್ಪದ ಮೇಲೆ ಮುಚ್ಚಕೂಡದು.

ಬೋಲ್ಟಿನ ಮುಳ್ಳು ಕಳಚಿದೆ, ಕೊಕ್ಕೆ ಕಳಚಿದೆ,
ಗೂಡಿನ ಮಸಿಯನ್ನು ಚಿಂದಿಯಲ್ಲಿ ಒರೆಸಿದೆ.
ಒಂದು ಚೂರು ಕಸ ಉಳಿದರೂ ಅದು ಸುಳ್ಳುಸಾಕ್ಷಿ ಹೇಳುತ್ತದೆ.
ಮುಷ್ಟಿ ಹಾಕಬೇಡ ಎನ್ನುತ್ತಿದ್ದ ಅಪ್ಪ,
ಬಲ ಹಾಕಿದರೆ ಉಕ್ಕೂ ನಿನ್ನ ಮಾತಿಗೆ ಹೂಂ ಅನ್ನುತ್ತದೆ.
ಒಂದೇ ಬೆರಳು.
ಮಲಗಿದ ಮಗುವಿನ ಕಣ್ಣಿನ ಪಿಸುರು ತೆಗೆಯುವಷ್ಟು ಭಾರ.

ಹೋಗಲಿ: ಮುಚ್ಚಿತು. ಸರಿ.
ಹೋಗಬಾರದು:
ಅರ್ಧದಲ್ಲಿ ನಿಲ್ಲಬೇಕಿತ್ತು.
ನಿಲ್ಲಲಿಲ್ಲ. ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿದು
ಟಪ್ಪೆಂದು ಕೂತಿತು.
ತೆಗೆದು, ಒರೆಸಿ, ಇನ್ನೊಮ್ಮೆ.
ಟಪ್.

ಆಗಬಾರದ್ದು ಎಷ್ಟು ಮೆತ್ತಗೆ ಆಗುತ್ತದೆ.

ಎಷ್ಟು ಸಂದು ಎಂದರು ಕುಂಞಂಬು, ಬೆಂಚಿನಿಂದ ಎದ್ದು.
ನಿಮ್ಮ ಮನೆಯಲ್ಲಿ ಬೀಡಿ ಕಟ್ಟುತ್ತಾರಲ್ಲ,
ಎರಡು ಎಲೆ ಒಂದರ ಮೇಲೊಂದು ಇಟ್ಟರೆ ಎಷ್ಟೋ ಅಷ್ಟು.
ಅಷ್ಟಕ್ಕೇ! ನಕ್ಕರು.
ನಲವತ್ತು ವರ್ಷದ ಬೆಡಿ, ಒಂದು ದಿನ ಕೈಕೊಟ್ಟಿಲ್ಲ,
ಹೋಗಲಿ ಬಿಡಿ, ಒಂದು ರಾತ್ರಿ ತಾನೇ.
ಈ ಕೊನೆಯ ಮಾತು ಮಾತ್ರ ಕನ್ನಡದಲ್ಲಿ.

ಆ ಹೆಸರಿನದ್ದು ಪೆಟ್ಟಿಗೆಯಲ್ಲಿದೆ ಅನ್ನಬಹುದಿತ್ತು.
ಅಂದದ್ದು ಬೇರೆ:
ಹಿಂದೆ ಸರಿಯಲು ಜಾಗ ಸಿಕ್ಕರೆ ತೋಟೆ ಹರಿಯುತ್ತದೆ,
ಹರಿದ ಮೇಲೆ ಬೆಂಕಿಗೆ
ಮುಂದೆಯೇ ಹೋಗಬೇಕೆಂಬ ಹಟ ಇರುವುದಿಲ್ಲ.
ಬೋಲ್ಟಿನ ಹಿಂದೆ ಯಾರಿರುತ್ತಾರೆ?
ಅವರ ಬಲಗೈ ತಾನಾಗಿ ಕೆನ್ನೆಗೆ ಹೋಯಿತು,
ಮರ ಒತ್ತಿ ಒತ್ತಿ ಗಡ್ಡ ಸವೆದ ಜಾಗಕ್ಕೆ.

ಸಾಯುವಾಗ ಅಪ್ಪನಿಗೆ ಎರಡು ಕಣ್ಣು, ಹತ್ತು ಬೆರಳು ಇದ್ದವು.
ಈ ಕಸುಬಿನಲ್ಲಿ ಸರ್ಟಿಫಿಕೇಟು ಅಂದರೆ ಅದೇ.

ರಸೀದಿ ಬರೆದೆ.
ಲೈಸನ್ಸು ಇಂಗ್ಲಿಷಿನಲ್ಲಿ, ಅಂಗಡಿಯ ಬೋರ್ಡು ಮಲಯಾಳದಲ್ಲಿ,
ನನ್ನ ಕೈಗೆ ಬರುವುದು ಕನ್ನಡ:
ಬೋಲ್ಟಿನ ತಲೆ ಬದಲಿಸುವ ತನಕ ಹಾರಿಸಬಾರದು.
ಸಹಿ, ಜಲಜಾಕ್ಷಿ ಆಚಾರ್ಯ.
ಕಾಗದವನ್ನು ತಲೆಕೆಳಗೆ ಹಿಡಿದು, ಓದಿ ಹೇಳು ಎಂದರು.
ಓದಿದೆ. ಪಾಡಿಲ್ಲ, ಎಂದೆ.
ಪಾಡಿಲ್ಲ, ಎಂದು ಅವರೂ ಒಮ್ಮೆ
ಬಾಯಲ್ಲಿ ಹೊರಳಿಸಿ ನೋಡಿ
ಖಾಲಿ ಗೋಣಿ ಮಡಚಿಕೊಂಡು ಹೋದರು.

ರಾತ್ರಿ ಹಂದಿಗಳು ಮರಗೆಣಸು ತಿಂದವು.
ಬೆಳಗಾಗುವ ಮೊದಲೇ ಫೋನು.
ನನಗೆ, ಅಪ್ಪನಿಗೆ, ಆ ಎರಡು ಬಿಲ್ಲೆಗಳಿಗೆ
ಬೇರೆ ಬೇರೆಯಾಗಿ ಬೈದರು.
ಪೂರ್ತಿ ಕೇಳಿಸಿಕೊಂಡೆ,
ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿ,
ತಗಡಿನ ಡಬ್ಬಿಯ ಬೋಲ್ಟುತಲೆಗಳ ರಾಶಿಯಲ್ಲಿ
ಎರಡು ಎಂದು ಕೆತ್ತಿದ್ದನ್ನು ಹುಡುಕುತ್ತ.