ಕತ್ತಿನ ಅಳತೆ

ಹದಿನೇಳು ವರ್ಷ, ಶ್ರೀರಾಂಪುರದ ಇದೇ ಅಂಗಡಿಯಲ್ಲಿ
ಕಂಡವರ ಕತ್ತು ಅಳೆದಿದ್ದೇನೆ.
ಬೋಟ್ ನೆಕ್, ಪಾಟ್ ನೆಕ್,
ಮುಂದೆ ಆರೂವರೆ, ಹಿಂದೆ ಒಂಬತ್ತು, ದಾರ, ಗೊಂಡೆ.
ನನ್ನ ಕತ್ತಿಗೆ ಟೇಪು ಸುತ್ತಿದ್ದು
ಹುಕ್ಕು ಹಾಕುವ ತಬಸ್ಸುಮ್, ಬರೀ ತಮಾಷೆಗೆ.
"ಅಕ್ಕಾ, ನುಂಗಿ. ಇನ್ನೊಂದ್ಸಲ.
ಒಳಗೇನೋ ಗುಂಡಿ ಥರ ಮೇಲೆ ಹೋಗಿ ಕೆಳಗಿಳೀತು."

ಮಾತ್ರೆಯೇನೋ ಹಳೆಯದು, ಎಂಟು ವರ್ಷದ್ದು.
ಆರು ಗಂಟೆಗೆ ಬರೀ ಹೊಟ್ಟೆಯಲ್ಲಿ ನುಂಗಿ
ಪಕ್ಕದ ಮನೆಯ ಡಿಕಾಕ್ಷನ್ ವಾಸನೆಯನ್ನು
ಒಂದು ಗಂಟೆ ಸಹಿಸಿಕೊಳ್ಳುವುದು.
ಮಾರ್ಚಿಯಲ್ಲೂ ಶಾಲು.
ಬಾಬಿನ್ನಿನಲ್ಲಿ ದಾರಕ್ಕಿಂತ ನನ್ನ ಕೂದಲೇ ಹೆಚ್ಚು.
ಕಾಯಿಲೆಗೆ ಯಾರೋ ಜಪಾನಿನವರ ಹೆಸರು, ಹಾಶಿಮೊಟೊ.
ನಾನು ಹಸಿಮೂಟೆ ಅಂದೆ. ನರ್ಸಮ್ಮ ಇವತ್ತಿಗೂ ನಗುತ್ತಾಳೆ.
ಬೇಲಿಯೇ ಎದ್ದು ಹೊಲ ಮೇಯುವ ರೋಗ, ಅಂದಿದ್ದರು ಡಾಕ್ಟರು.
ಮೇಯಲಿ, ಮಾತ್ರೆ ಇದೆಯಲ್ಲ, ಅಂದುಕೊಂಡಿದ್ದೆ.

ಈಗ ತಣ್ಣನೆ ಜೆಲ್ಲು, ಕಪ್ಪು ಪರದೆ, ಸೂಜಿ.
(ಸೂಜಿಗೆ ನಾನು ಹೆದರಲಿಲ್ಲ. ಚುಚ್ಚಿದವರ ಕೈ ನಡುಗಿತು.)
ಹತ್ತು ದಿನ ಕಾದು ಕೇಳಿದೆ:
"ಮೇಡಂ, ಅದರಿಂದಲೇ ಇದು ಬಂತಾ?"
ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.
"ಒಂದೇ ಕತ್ತಿನಲ್ಲಿ ಎರಡೂ ಸಿಗುವುದುಂಟು, ಎಷ್ಟೋ ಸಲ.
ಒಂದು ಇನ್ನೊಂದರ ತಾಯಿ ಅಂತ ಆಣೆ ಇಟ್ಟು ಹೇಳಲಾರೆ.
ಅದನ್ನು ನೋಡಲು ಹೋಗಿ ಇದು ಕಣ್ಣಿಗೆ ಬಿದ್ದಿರಲೂಬಹುದು."

ಇಷ್ಟು ದುಡ್ಡು ಕಟ್ಟಿಸಿಕೊಂಡು
'ಬಹುದು' ಅನ್ನುವ ಊರು ಇದೊಂದೇ ಇರಬೇಕು,
ಅಂತ ಬೈದುಕೊಂಡೇ ಮೆಟ್ರೋ ಹತ್ತಿದೆ.

ಆಪರೇಷನ್ ಆಗಿ ಮೂರನೇ ವಾರ
ಇನ್ನೊಂದು ರಿಪೋರ್ಟು, ಇನ್ನೊಂದು 'ಬಹುದು':
ಗಂಟಿನ ಸುತ್ತ ಅದೇ ಕಾವಲಿನವರು,
ಎಂಟು ವರ್ಷ ನನ್ನನ್ನು ಮೇಯ್ದವರೇ,
ಒತ್ತೊತ್ತಾಗಿ ನಿಂತಿದ್ದರಂತೆ.
ಅದು ಆಚೆ ದಾಟದೆ ಉಳಿದದ್ದು ಅವರಿಂದಲೂ ಇರಬಹುದಂತೆ.
ಯಾರಿಗೆ ಶಾಪ ಹಾಕಲಿ?
ಹಾಕಿದ ಶಾಪವನ್ನು ಹೇಗೆ ಬಿಚ್ಚಲಿ?
ಬಿಚ್ಚುವುದು ಹೊಲಿಯುವುದಕ್ಕಿಂತ ಕಷ್ಟ, ಯಾವ ಟೈಲರನ್ನಾದರೂ ಕೇಳಿ.

ಗಾಯವನ್ನು ಟ್ರಯಲ್ ಕನ್ನಡಿಯಲ್ಲಿ ನೋಡಿದೆ.
ಕೆಲಸ ಶುದ್ಧವಾಗಿದೆ.
ಎಡತುದಿಯಲ್ಲಿ ಮಾತ್ರ ಒಂದೆಳೆ ಜಗ್ಗಿದೆ,
ನಾನಾಗಿದ್ದರೆ ಬಿಡುತ್ತಿರಲಿಲ್ಲ.

ದನಿ ಇನ್ನೂ ಸ್ವಲ್ಪ ಒಡಕು.
ಹಾಗಾಗಿ ಅಳತೆ ತಬಸ್ಸುಮ್‌ಳದ್ದು, ಬರೆಯುವುದು ನನ್ನದು.
ಕತ್ತಿನ ಹತ್ತಿರ ಬಂದಾಗ ಟೇಪು ಹಿಡಿದು ನಿಲ್ಲುತ್ತಾಳೆ.
"ನುಂಗಿ," ಅನ್ನುತ್ತಾಳೆ ಎಲ್ಲರಿಗೂ.
ಬ್ಲೌಸಿಗೆ ಬೇಕಾಗಿರಬೇಕು ಅಂದುಕೊಂಡು
ಎಲ್ಲರೂ ನುಂಗುತ್ತಾರೆ.